ಹೊಸ ಕ್ಯಾಮೆರಾ ಬಾಡಿಗಿಂತ ಮೊದಲು ಪ್ರಿಂಟಿಗೆ ದುಡ್ಡು ಹಾಕಿ

ಲಾಲ್‌ಬಾಗ್‌ನಲ್ಲಿ ತೆಗೆದ ಚಿತ್ರಗಳನ್ನು ಹಾಕಿ, ಫೈನ್ ಆರ್ಟ್ ಫೋಟೊಗ್ರಫಿಗೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬೇಕೇ ಬೇಕಾ, ಎಲ್ಲಿಂದ ಶುರು ಮಾಡೋದು, ಗ್ಯಾಲರಿಯವರಿಗೆ ಏನು ತೋರಿಸೋದು ಅಂತ ಕೇಳಿದ್ದೀರಿ.

ಕ್ಯಾಮೆರಾ ವಿಷಯ ಮೊದಲು ಮುಗಿಸೋಣ. ನಿಮ್ಮ 24 ಮೆಗಾಪಿಕ್ಸೆಲ್ ಬಾಡಿ 6000×4000 ಪಿಕ್ಸೆಲ್ ಕೊಡುತ್ತೆ. 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕಕ್ಕೆ 20×13 ಇಂಚಿನ ಪ್ರಿಂಟ್, 240ಕ್ಕೆ ಇಳಿಸಿದರೆ 25×16. ಮೊದಲ ಪ್ರದರ್ಶನಕ್ಕೆ ಧಾರಾಳ ಆಯ್ತು. ಹೊಸ ಬಾಡಿಗೆ ಅಂತ ಇಟ್ಟ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತಗೊಳ್ಳಿ, ಉಳಿದದ್ದು ಪ್ರಿಂಟಿಗೆ ಇಡಿ.

ನಿಮ್ಮ ಚಿತ್ರಗಳು ಬಿಡಿಬಿಡಿಯಾಗಿ ಚೆನ್ನಾಗಿವೆ, ಆದರೆ ಒಂದರ ಪಕ್ಕ ಇನ್ನೊಂದು ನಿಲ್ಲುತ್ತಿಲ್ಲ. ಒಂದು ಸೂರ್ಯಾಸ್ತ, ಒಂದು ಗಾಜಿನ ಮನೆ, ಒಂದು ಹಕ್ಕಿ. ಕೊನೆಯಲ್ಲಿ ಹಾಕಿರುವ ಬಂಡೆಯ ಚಿತ್ರ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳಿ. ಸುಮಾರು 300 ಕೋಟಿ ವರ್ಷದ, ನೈಸ್ (gneiss) ಅನ್ನೋ ಪಟ್ಟೆಪಟ್ಟೆಯ ಶಿಲೆ ಅದು. ಮೈಮೇಲಿನ ಕಪ್ಪು-ಬಿಳಿ ಪಟ್ಟೆಗಳು, ಮಳೆನೀರು ನಿಂತ ಗುಂಡಿ, ಹಿಂದೆ ಎದ್ದಿರುವ ಕಟ್ಟಡಗಳ ಸಾಲು, ಇಷ್ಟರಲ್ಲೇ ಒಂದು ಸರಣಿಗೆ ಬೇಕಾದ್ದೆಲ್ಲ ಇದೆ. ಒಂದೇ ಲೆನ್ಸ್, ಒಂದೇ ಆಕಾರದ ಫ್ರೇಮ್, ಕಪ್ಪು-ಬಿಳುಪು ಅಥವಾ ಬಣ್ಣ ಯಾವುದಾದರೂ ಒಂದು ಅಂತ ನಿರ್ಧರಿಸಿ, ಸರಣಿ ಮುಗಿಯೋವರೆಗೆ ಬದಲಿಸಬೇಡಿ.

ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳಲ್ಲ. ಆ ತಿಂಗಳುಗಳ ಮಧ್ಯಾಹ್ನದ ಬೆಳಕಲ್ಲಿ ಬಂಡೆಯ ಉಬ್ಬುತಗ್ಗು ಸತ್ತುಹೋಗುತ್ತೆ. ಬೆಳಗ್ಗೆ ಗೇಟು ತೆರೆದ ಮೇಲಿನ ಮೊದಲ ಒಂದೆರಡು ಗಂಟೆ ಅಡ್ಡಬೆಳಕು ಸಿಗುತ್ತೆ, ಒರಟುತನ ಎದ್ದು ಕಾಣೋದು ಆಗಲೇ. ಪಟ್ಟೆಗಳೇ ಬೇಕು ಅಂದರೆ ಜುಲೈನ ಮೋಡದ ದಿನ ಹೋಗಿ. ಒದ್ದೆ ಬಂಡೆ ಕಪ್ಪಾಗಿ ಕಾಣುತ್ತೆ, ಆದರೆ ಹೊಳೆಯುತ್ತೆ. ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ, ಅದನ್ನು ತಿರುಗಿಸಿ ಹೊಳಪು ತೆಗೀರಿ. ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ ಆಗುತ್ತೆ), ಟ್ರೈಪಾಡ್ ಬೇಕಾಗೋದು ಅದಕ್ಕೇ. ಓಡಾಡೋ ಜನ ಕಾಣಬಾರದು ಅಂದರೆ 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸೋ ಕಪ್ಪು ಗಾಜು) ಹಾಕಿ: ಸೆಕೆಂಡಿನ 1/30 ಇದ್ದ ಎಕ್ಸ್‌ಪೋಷರ್ ಸುಮಾರು 30 ಸೆಕೆಂಡ್ ಆಗುತ್ತೆ, ನಡೆಯೋರು ಮಾಯ. ಕೂತವರು ಮಾತ್ರ ಮಸಕಾಗಿ ಉಳೀತಾರೆ. ಟ್ರೈಪಾಡಿನ ನಡುಕಂಬ ಎತ್ತಬೇಡಿ, ಗಾಳಿಗೆ ಅಲುಗಾಡುತ್ತೆ.

ಆಯ್ಕೆ ಸ್ಕ್ರೀನ್ ಮೇಲೆ ಮಾಡಬೇಡಿ. 40 ಚಿತ್ರಗಳ 4×6 ಅಗ್ಗದ ಪ್ರಿಂಟ್ ತೆಗೆಸಿ ನೆಲದ ಮೇಲೆ ಹರಡಿ. ಎರಡು ಚಿತ್ರ ಒಂದೇ ಮಾತು ಹೇಳ್ತಿದ್ದರೆ ಒಂದನ್ನು ತೆಗೀರಿ, ಎಷ್ಟೇ ಇಷ್ಟವಾಗಿದ್ದರೂ ಸರಿ. 12–15 ಉಳಿದರೆ ಸರಣಿ ಆಯ್ತು.

ಈಗ ಪ್ರಿಂಟ್. ಜನ ಎಡವೋದು ಇಲ್ಲೇ. ‘ಪ್ರಿಂಟ್ ಕಪ್ಪಾಗಿ ಬಂತು’ ಅಂತ ತಪ್ಪನ್ನು ಪ್ರಿಂಟ್ ತೆಗೆಯೋ ಲ್ಯಾಬ್ ಮೇಲೆ ಹಾಕ್ತಾರೆ, ಆದರೆ ಬಹುತೇಕ ಸಲ ಕಾರಣ ನಮ್ಮ ಮಾನಿಟರ್. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ಎಡಿಟ್ ಮಾಡಿದರೆ ಚಿತ್ರವನ್ನು ನಾವೇ ಬೇಕಾದ್ದಕ್ಕಿಂತ ಕಪ್ಪು ಮಾಡಿರ್ತೀವಿ. ಕ್ಯಾಲಿಬ್ರೇಟರ್ (ಮಾನಿಟರಿನ ಬಣ್ಣ, ಬೆಳಕು ಅಳೆದು ಹೊಂದಿಸೋ ಸಾಧನ) ಹಾಕಿ ಬಿಳಿಯ ಬಣ್ಣ 6500 ಕೆಲ್ವಿನ್, ಗಾಮಾ 2.2, ಬ್ರೈಟ್‌ನೆಸ್ ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾ ಇಟ್ಟುಕೊಳ್ಳಿ. ಆಯ್ಕೆ ಮಾಡಿದ ಕಾಗದದ ಐಸಿಸಿ ಪ್ರೊಫೈಲನ್ನು (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ಹೇಳೋ ಫೈಲ್) ಲ್ಯಾಬಿನವರಿಂದ ಕೇಳಿ ಪಡೆದು ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರುತ್ತೆ ಅಂತ ಸ್ಕ್ರೀನ್ ಮೇಲೇ ನೋಡಿ. ಆಮೇಲೆ ಚಿತ್ರದ ಅತಿ ಕಪ್ಪು ಭಾಗದಿಂದ ಒಂದು ಪಟ್ಟಿ ಕತ್ತರಿಸಿ, ಇದ್ದ ಹಾಗೆ ಒಂದು, ಮೂರನೇ ಒಂದು ಸ್ಟಾಪ್ ಏರಿಸಿ ಒಂದು, ಮೂರನೇ ಎರಡು ಏರಿಸಿ ಇನ್ನೊಂದು, ಮೂರನ್ನೂ ಅದೇ ಕಾಗದದ ಒಂದೇ ಎ4 ಹಾಳೆಯಲ್ಲಿ ತೆಗೆಸಿ. ಗುಂಡಿಯ ಅಂಚಿನ ಪಾಚಿ ಯಾವುದರಲ್ಲಿ ಬಿಡಿಸಿ ಕಾಣುತ್ತೋ ಅದೇ ನಿಮ್ಮದು. ಈ ಒಂದು ಹಾಳೆ ದೊಡ್ಡ ಪ್ರಿಂಟಿನ ಖರ್ಚು ಉಳಿಸುತ್ತೆ.

ಕಾಗದ ನೂರಕ್ಕೆ ನೂರು ಹತ್ತಿಯದು, 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸು, ಶಾಯಿ ಪಿಗ್ಮೆಂಟ್. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಒಣ ಕಲ್ಲು ಸೊಗಸಾಗಿ ಬರುತ್ತೆ, ಆದರೆ ಕಪ್ಪು ಆಳಕ್ಕೆ ಇಳಿಯಲ್ಲ. ಒದ್ದೆ ಬಂಡೆಯ ಕಪ್ಪು ಬೇಕಿದ್ದರೆ ಬರೈಟಾ ಅನ್ನೋ ತುಸು ಹೊಳಪಿನ ಕಾಗದ. ತೀರಾ ಬಿಳಿಯಾಗಿ ಹೊಳೆಯೋ ಕಾಗದಕ್ಕೆ ಆಪ್ಟಿಕಲ್ ಬ್ರೈಟನರ್ (ಬಿಳುಪು ಹೆಚ್ಚಿಸೋ ರಾಸಾಯನಿಕ) ಹಾಕಿರ್ತಾರೆ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಂದಿ ಕಾಗದ ಹಳದಿಗೆ ತಿರುಗುತ್ತೆ. ಅದು ಇದೆಯಾ ಅಂತ ಕೇಳಿ ತಗೊಳ್ಳಿ.

ಪ್ರಿಂಟ್ ಬಂದ ತಕ್ಷಣ ಫ್ರೇಮಿಗೆ ಹಾಕಬೇಡಿ, ಕನಿಷ್ಠ 24 ಗಂಟೆ ಒಣಗಲಿ. ಇಲ್ಲದಿದ್ದರೆ ಗಾಜಿನ ಒಳಮೈಗೆ ಮಂಜು ಹಿಡಿದ ಹಾಗಾಗುತ್ತೆ. ಆಮ್ಲರಹಿತ ಬೋರ್ಡಿಗೆ ಮೇಲಂಚಿನಲ್ಲಿ ಎರಡೇ ಕಡೆ ಜಪಾನಿ ಕಾಗದದ ಕೀಲು ಹಾಕಿ ತೂಗಿಸಿ. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದ ತೇವಕ್ಕೆ ಕಾಗದ ಹಿಗ್ಗಿ, ಹೋಗಲು ಜಾಗವಿಲ್ಲದೆ ಅಲೆಯಲೆಯಾಗಿ ಏಳುತ್ತೆ. ಸೆಲೋಟೇಪ್, ಫೆವಿಕಾಲ್ ಹತ್ತಿರಕ್ಕೂ ತರಬೇಡಿ. ಗಾಜು ಪ್ರಿಂಟಿಗೆ ತಾಗಿದರೆ ಅಂಟಿಕೊಳ್ಳುತ್ತೆ, ಆದ್ದರಿಂದ ನಡುವೆ ಕಿಟಕಿ ಕತ್ತರಿಸಿದ ಮೌಂಟ್ (ದಪ್ಪ ಬೋರ್ಡ್) ಇರಲೇಬೇಕು.

ಎಡಿಷನ್, ಅಂದರೆ ಒಂದು ಚಿತ್ರದ ಒಟ್ಟು ಪ್ರತಿ ಎಷ್ಟು ಅಂತ ಮಾರೋ ಮೊದಲೇ ತೀರ್ಮಾನಿಸಿ: ಹತ್ತು ಪ್ರತಿ, ಜೊತೆಗೆ ಎರಡು ಆರ್ಟಿಸ್ಟ್ ಪ್ರೂಫ್ (ಕಲಾವಿದರು ತಮಗೆ ಇಟ್ಟುಕೊಳ್ಳೋ ಪ್ರತಿ) ಅಂತಿಟ್ಟುಕೊಳ್ಳಿ. ಕೆಳಗಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಎಡಕ್ಕೆ 1/10, ಬಲಕ್ಕೆ ಸಹಿ. ಹತ್ತು ಮುಗಿದ ಮೇಲೆ ಹನ್ನೊಂದನೆಯದು ತೆಗೆದರೆ ಕೊಂಡವರಿಗೆ ಮಾಡೋ ಮೋಸ ಅದು.

ಗ್ಯಾಲರಿಯವರ ಹತ್ತಿರ ಫೋನ್ ಹಿಡ್ಕೊಂಡು ಹೋಗಬೇಡಿ. ಒಂದು ಪೆಟ್ಟಿಗೆಯಲ್ಲಿ ಎ4 ಅಳತೆಯ ಆ 12–15 ಪ್ರಿಂಟ್, ಜೊತೆಗೆ 150 ಪದದ ಒಂದು ಪುಟ: ಯಾವ ಜಾಗ, ಯಾಕೆ ಆ ಜಾಗ, ಹೇಗೆ ತೆಗೆದದ್ದು. ‘ಪ್ರಕೃತಿಯ ಮೌನ’ದಂಥ ಮಾತು ಬೇಡ. ಅದಕ್ಕೂ ಮುಂಚೆ ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ), ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಎರಡನ್ನೂ ಸುತ್ತಿ ಬನ್ನಿ. ಪ್ರಿಂಟನ್ನು ಪಕ್ಕದಿಂದ ಬಗ್ಗಿ ನೋಡಿದರೆ ಕಾಗದದ ಮೈ ತಿಳಿಯುತ್ತೆ. ಚಿತ್ರದ ನಡುಭಾಗ ನೆಲದಿಂದ ಎಷ್ಟು ಎತ್ತರಕ್ಕೆ ಬಂದಿದೆ ಅಂತಲೂ ಗಮನಿಸಿ. ಸಾಮಾನ್ಯವಾಗಿ 57ರಿಂದ 60 ಇಂಚು ಇಡ್ತಾರೆ.