ಸಂಘಟಕರಿಗೂ ಸಂಬಳ ಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯವಳು. ಮದುವೆಯಾಗಿ ನವಿ ಮುಂಬಯಿಯ ತುರ್ಭೆಗೆ ಬಂದವಳು ಇಲ್ಲಿಯೇ ಮನೆಗೆಲಸ ಮಾಡಿಕೊಂಡಿದ್ದೇನೆ. ಕನ್ನಡದಲ್ಲಿ ಎಂಟನೇ ತರಗತಿಯವರೆಗೆ ಓದಿದ್ದೇನೆ. ಮರಾಠಿ ಮಾತನಾಡಲು ಬರುತ್ತದೆ, ಓದಲು ಕಷ್ಟಪಡುತ್ತೇನೆ. ರೇಷನ್ ಕಾರ್ಡ್, ಮಕ್ಕಳ ಶಾಲೆ, ಬಾಕಿ ಉಳಿದ ಪಗಾರ ಎಂದು ನಮ್ಮ ವಸ್ತಿಯ ಹೆಂಗಸರು ನನ್ನನ್ನು ಕರೆಯುತ್ತಾರೆ. ಭಾನುವಾರ ಮಧ್ಯಾಹ್ನ ಸುಮಾರು ನಲವತ್ತು ಮಂದಿ ಒಂದೆಡೆ ಸೇರುತ್ತೇವೆ. ಅವರ ಜೊತೆ ಕಚೇರಿಗೆ ಹೋದ ದಿನ ನನ್ನ ಸಂಬಳ ಕಡಿತವಾಗುತ್ತದೆ. ಒಬ್ಬರು 25,000 ರೂಪಾಯಿ ಕೊಟ್ಟರೆ ನಮ್ಮ ಗುಂಪನ್ನು ಸಂಸ್ಥೆಯಾಗಿ ನೋಂದಾಯಿಸಿ ವಿದೇಶದಿಂದ ಹಣ ತರಿಸಿಕೊಡುವುದಾಗಿ ಹೇಳುತ್ತಿದ್ದಾರೆ. ಕೊಡಬಹುದೇ? ನನ್ನಂಥವರಿಗೆ ತರಬೇತಿ ಎಲ್ಲಿ ಸಿಗುತ್ತದೆ?

ಉತ್ತರ: ಆ ವ್ಯಕ್ತಿಗೆ ಹಣ ಕೊಡಬೇಡಿ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಕಾಯ್ದೆಯ ಪ್ರಕಾರ ನೋಂದಣಿ ಪಡೆಯಬೇಕಾದರೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು ಮತ್ತು ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅದು ತನ್ನ ಉದ್ದೇಶಗಳಿಗಾಗಿ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ನಿನ್ನೆ ಹುಟ್ಟಿದ ಗುಂಪಿಗೆ ಆ ಹಣ ತರಿಸಿಕೊಡುತ್ತೇನೆ ಎನ್ನುವವರು ಕಾಯ್ದೆಯನ್ನು ತಿಳಿದಿಲ್ಲ, ಇಲ್ಲವೇ ತಿಳಿದೂ ಮರೆಮಾಚುತ್ತಿದ್ದಾರೆ. ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ಹಣದಲ್ಲಿ ಒಂದು ಪಾಲನ್ನು ನಿಮ್ಮಂಥ ಗುಂಪಿಗೆ ದಾಟಿಸುವ ಪದ್ಧತಿ ಮೊದಲು ಇತ್ತು. 2020ರ ತಿದ್ದುಪಡಿ ಅದನ್ನೂ ನಿಲ್ಲಿಸಿತು. ಆದ್ದರಿಂದ ಸದ್ಯಕ್ಕೆ ಆ ದಾರಿಯ ಯೋಚನೆಯನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಇನ್ನು ತರಬೇತಿಯ ವಿಚಾರ. ನಿಮ್ಮ ಓದು ಎಂಟನೇ ತರಗತಿಗೆ ನಿಂತಿದೆ ಎಂಬುದು ನಿಮಗೆ ಅಡ್ಡಿಯಾಗಬೇಕಿಲ್ಲ. ಚೆಂಬೂರಿನ ಕೋರೋ ಇಂಡಿಯಾ 1989ರಲ್ಲಿ ವಸ್ತಿಗಳ ಸಾಕ್ಷರತೆಯ ಕೆಲಸದಿಂದ ಆರಂಭವಾದ ಸಂಸ್ಥೆ. ತಳಮಟ್ಟದ ನಾಯಕತ್ವಕ್ಕಾಗಿಯೇ ಅದು ನಡೆಸುವ ಫೆಲೋಶಿಪ್ಪಿನಲ್ಲಿ, ಅಂದರೆ ಗೌರವಧನದೊಂದಿಗೆ ಕೊಡುವ ತರಬೇತಿಯಲ್ಲಿ, ಪದವಿ ಪ್ರಮಾಣಪತ್ರಕ್ಕಿಂತ ಅಭ್ಯರ್ಥಿ ತನ್ನ ಜನರ ನಡುವೆ ಮಾಡಿರುವ ಕೆಲಸಕ್ಕೆ ಹೆಚ್ಚಿನ ಬೆಲೆಯಿದೆ. ಆಯ್ಕೆಯಾದವರು ಊರು ಬಿಟ್ಟು ಹೋಗುವುದಿಲ್ಲ. ತಾವಿರುವ ಜಾಗದಲ್ಲಿ ಒಂದು ಸಮಸ್ಯೆಯನ್ನು ಹಿಡಿದು ಕೆಲಸ ಮಾಡುತ್ತಾ ನಡುನಡುವೆ ಶಿಬಿರಗಳಿಗೆ ಹೋಗಿಬರುತ್ತಾರೆ. ನಿಮಗೆ ಇನ್ನೂ ಹತ್ತಿರದಲ್ಲಿ, ಖಾರ್ಘರ್‌ನಲ್ಲಿ, 1984ರಿಂದ ನಗರದ ಬಡವರ ವಸತಿ ಮತ್ತು ಅಸಂಘಟಿತ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿರುವ ಯುವಾ ಸಂಸ್ಥೆಯ ಕೇಂದ್ರವಿದೆ. ಮನೆಗೆಲಸದವರಿಗಾಗಿಯೇ ಸಿಸ್ಟರ್ ಜೀನ್ ಡೆವೋಸ್ 1985ರಲ್ಲಿ ಕಟ್ಟಿದ ರಾಷ್ಟ್ರೀಯ ಗೃಹಕಾರ್ಮಿಕರ ಚಳವಳಿಯೂ ಮುಂಬಯಿಯಲ್ಲಿದೆ. ಈ ಮೂರರಲ್ಲಿ ಯಾವುದಾದರೂ ಒಂದರ ಬಾಗಿಲಿಗೆ ನೀವೇ ಖುದ್ದಾಗಿ ಹೋಗಿ, ಗುಂಪಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮುಂದಿನ ತಂಡದ ಆಯ್ಕೆ ಯಾವಾಗ, ಮಾರ್ಗದರ್ಶಿ ಸಂಸ್ಥೆಯ ಶಿಫಾರಸು ಬೇಕೇ, ತಿಂಗಳಿಗೆ ಗೌರವಧನ ಎಷ್ಟು ಎಂದು ನೇರವಾಗಿ ಕೇಳಿ.

ಇಂಥ ತರಬೇತಿಯಲ್ಲಿ ಏನು ಕಲಿಸುತ್ತಾರೆ ಎಂಬುದಕ್ಕೆ 2011ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ರೈಟ್ ಟು ಪೀ’ ಅಭಿಯಾನ ಒಳ್ಳೆಯ ಉದಾಹರಣೆ. ಸಾರ್ವಜನಿಕ ಮೂತ್ರಾಲಯಗಳಲ್ಲಿ ಗಂಡಸರಿಗೆ ಉಚಿತ, ಹೆಂಗಸರಿಂದ ಮಾತ್ರ ದುಡ್ಡು ವಸೂಲಿ ಎಂಬುದು ಎಲ್ಲರೂ ಕಂಡ ಸಂಗತಿಯಾಗಿತ್ತು. ಕೋರೋ ಮತ್ತು ಇತರ ಸಂಘಟನೆಗಳ ಕಾರ್ಯಕರ್ತೆಯರು ಶೌಚಾಲಯದಿಂದ ಶೌಚಾಲಯಕ್ಕೆ ಹೋಗಿ ಬಾಗಿಲಿದೆಯೇ, ನೀರಿದೆಯೇ, ಎಷ್ಟು ವಸೂಲಿ ಮಾಡುತ್ತಾರೆ ಎಂದು ಬರೆದುಕೊಂಡರು, ಸಹಿ ಸಂಗ್ರಹಿಸಿದರು, ಆ ಕಾಗದಗಳನ್ನು ಹಿಡಿದು ಪಾಲಿಕೆಯ ಅಧಿಕಾರಿಗಳ ಎದುರು ಕುಳಿತರು. ಎಲ್ಲರಿಗೂ ಗೊತ್ತಿರುವ ತೊಂದರೆಯನ್ನು ಯಾರೂ ಅಲ್ಲಗಳೆಯಲಾಗದ ಕಾಗದವಾಗಿ ಮಾಡುವುದು, ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕು ಮತ್ತು ಅಲ್ಲಿಂದ ಮುಂದೆ ಯಾರ ಸಹಿ ಬೇಕು ಎಂದು ತಿಳಿಯುವುದು, ಸಭೆಯಲ್ಲಿ ಒಬ್ಬಳೇ ಮಾತನಾಡದೆ ಹಿಂದೆ ಕುಳಿತವಳಿಂದಲೂ ಮಾತನಾಡಿಸುವುದು, ಇವು ಸಂಘಟನೆಯ ವಿದ್ಯೆ. ಇದರ ಅರ್ಧ ಭಾಗವನ್ನು ನೀವು ಆಗಲೇ ಕಲಿತಿದ್ದೀರಿ. ಆದರೆ ಮರಾಠಿ ಓದುವುದನ್ನು ದಯವಿಟ್ಟು ಮುಂದೂಡಬೇಡಿ. ಇಲ್ಲಿನ ಶಿಬಿರಗಳು ಬಹುಪಾಲು ಮರಾಠಿಯಲ್ಲಿ ನಡೆಯುತ್ತವೆ, ಸರ್ಕಾರದ ಆದೇಶಗಳೂ ಮರಾಠಿಯಲ್ಲಿವೆ. ಹಿಂದಿ ಓದಲು ಬರುವುದಾದರೆ ಲಿಪಿ ಅದೇ ಆದ್ದರಿಂದ ಕಷ್ಟ ಬಹಳ ಕಡಿಮೆ.

ನಮ್ಮ ನಾಡಿನಿಂದಲೇ ಬಂದ ಒಬ್ಬರ ಹೆಸರನ್ನು ಇಲ್ಲಿ ನೆನೆಯಬೇಕು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ 1947ರಲ್ಲಿ ಹುಟ್ಟಿದ ಜೋಕಿನ್ ಅರ್ಪುದಂ ಬಡಗಿ ಕೆಲಸ ಬಲ್ಲ ಹುಡುಗನಾಗಿ ಮುಂಬಯಿಗೆ ಬಂದು ಮಾನ್‌ಖುರ್ದ್ ಬಳಿಯ ಜನತಾ ಕಾಲನಿಯಲ್ಲಿ ನೆಲೆಸಿದರು. ಅಲ್ಲಿನ ಕಸವನ್ನು ಪಾಲಿಕೆ ಎತ್ತುತ್ತಿರಲಿಲ್ಲ. ಅವರು ವಸ್ತಿಯ ಮಕ್ಕಳನ್ನು ಸೇರಿಸಿ, ಕಸವನ್ನು ಕಾಗದದಲ್ಲಿ ಕಟ್ಟಿಸಿ, ಪಾಲಿಕೆಯ ಕಚೇರಿಯ ಮುಂದೆಯೇ ಹಾಕಿಸಿದರು. ಆಮೇಲೆ ಕಸ ಎತ್ತುವ ಮಾತುಕತೆ ಆರಂಭವಾಯಿತು. ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವನ್ನು ಕಟ್ಟಿದ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕೈಯಲ್ಲಿ ಯಾವ ಪದವಿಯೂ ಇರಲಿಲ್ಲ.

ಹಣದ ವಿಚಾರಕ್ಕೆ ಬಂದರೆ, ಮೊದಲ ಹಣ ನಿಮ್ಮ ನಲವತ್ತು ಮಂದಿಯಿಂದಲೇ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಿಂಗಳಿಗೆ ತಲಾ ಇಪ್ಪತ್ತು ರೂಪಾಯಿ ಎಂದರೂ 800 ಆಯಿತು. ಅದು ದೊಡ್ಡ ಮೊತ್ತವಲ್ಲದಿದ್ದರೂ ಅಲ್ಲಿಂದಾಚೆಗೆ ನೀವು ಯಾರ ಕೆಲಸಕ್ಕಾಗಿ ಕಚೇರಿಗೆ ಹೋಗುತ್ತಿದ್ದೀರಿ ಎಂಬುದು ಎಲ್ಲರಿಗೂ ಸ್ಪಷ್ಟವಾಗುತ್ತದೆ, ಪ್ರಶ್ನೆ ಕೇಳುವ ಹಕ್ಕೂ ಅವರಿಗೆ ಬರುತ್ತದೆ. ಭಾಯ್ಖಳಾದ ಫುಟ್‌ಪಾತ್‌ಗಳಲ್ಲಿ ವಾಸವಿದ್ದ ಹೆಂಗಸರು 1980ರ ದಶಕದಲ್ಲಿ ಸ್ಪಾರ್ಕ್ ಸಂಸ್ಥೆಯ ಬೆಂಬಲದಿಂದ ಮಹಿಳಾ ಮಿಲನ್ ಕಟ್ಟಿ ಉಳಿತಾಯ ಆರಂಭಿಸಿದಾಗ ಹಲವರಿಗೆ ಅಕ್ಷರ ಬರುತ್ತಿರಲಿಲ್ಲ. ಪ್ರತಿಯೊಬ್ಬಳಿಗೂ ಒಂದು ಪ್ಲಾಸ್ಟಿಕ್ ಚೀಲ, ಕಟ್ಟಿದ ಹಣಕ್ಕೆ ತಕ್ಕಂತೆ ಅದರೊಳಗೆ ಬೇರೆ ಬೇರೆ ಬಣ್ಣದ ಕಾಗದದ ಚೂರು. ತನ್ನ ಚೀಲ ತೆರೆದು ತನ್ನ ಲೆಕ್ಕವನ್ನು ಅವಳೇ ನೋಡಬಹುದಾಗಿತ್ತು. ನಿಮ್ಮಲ್ಲಿ ಒಂದು ರಸೀದಿ ಪುಸ್ತಕ ಮತ್ತು ಒಂದು ಜಮಾ-ಖರ್ಚಿನ ವಹಿ ಇದ್ದರೆ ಸಾಕು. ಪ್ರತಿ ಭಾನುವಾರ ಅದನ್ನು ಗಟ್ಟಿಯಾಗಿ ಓದಿ ಹೇಳಿ.

ಆ ವಹಿಯಲ್ಲಿ ನಿಮ್ಮ ಕಡಿತವಾದ ದಿನಗೂಲಿಯನ್ನೂ ಖರ್ಚಿನ ಕಡೆ ಬರೆಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಮಾಜಸೇವೆ ಎಂದ ಮೇಲೆ ಕೂಲಿ ಕೇಳಬಾರದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಅದರ ಪರಿಣಾಮವಾಗಿ ಹೊಟ್ಟೆಬಟ್ಟೆಗೆ ಚಿಂತೆಯಿಲ್ಲದವರು ಮಾತ್ರ ಮುಖಂಡರಾಗಿ ಉಳಿಯುತ್ತಾರೆ. ನಿಮ್ಮಂಥವರು ಎರಡು ವರ್ಷ ದುಡಿದು, ಸಾಲ ಮಾಡಿಕೊಂಡು, ಸದ್ದಿಲ್ಲದೆ ಹಿಂದೆ ಸರಿಯುತ್ತಾರೆ. ಫೆಲೋಶಿಪ್ಪಿಗೆ ಅರ್ಜಿ ಹಾಕುವಾಗಲೂ ತಿಂಗಳಿಗೆ ಎಷ್ಟು ದಿನದ ಕೆಲಸ ತಪ್ಪುತ್ತದೆ, ಎಷ್ಟು ಹಣ ಹೋಗುತ್ತದೆ ಎಂದು ಸಂಕೋಚವಿಲ್ಲದೆ ಬರೆಯಿರಿ.

ನೋಂದಣಿಗೆ ಅವಸರವಿಲ್ಲ. 1860ರ ಸೊಸೈಟಿ ಕಾಯ್ದೆಯ ಪ್ರಕಾರ ಏಳು ಮಂದಿ ಸೇರಿ ಸಂಘ ನೋಂದಾಯಿಸಬಹುದು. ಮಹಾರಾಷ್ಟ್ರದಲ್ಲಿ ಅದರ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯೂ ಅನ್ವಯಿಸುವುದರಿಂದ ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳು ಬದಲಾದಾಗಲೆಲ್ಲ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್, ಹೀಗೆ ನಿಲ್ಲದ ಕೆಲಸಗಳು ಹಿಂದೆ ಬರುತ್ತವೆ. ಅವನ್ನು ನಿಭಾಯಿಸುವ ಒಬ್ಬರು ನಿಮ್ಮಲ್ಲಿ ಸಿದ್ಧರಾದ ಮೇಲೆ ನೋಡಿದರಾಯಿತು. ಅಲ್ಲಿಯವರೆಗೆ, ಮಹಾರಾಷ್ಟ್ರದ 2008ರ ಕಾಯ್ದೆಯಂತೆ ಮನೆಗೆಲಸದವರಿಗಾಗಿ ಇರುವ ಕಲ್ಯಾಣ ಮಂಡಳಿಯಲ್ಲಿ ನಿಮ್ಮ ಗುಂಪಿನ ಎಲ್ಲರ ಹೆಸರು ಇದೆಯೇ ಎಂದು ನೋಡುವುದನ್ನೇ ಮೊದಲ ಅಭಿಯಾನವಾಗಿ ಕೈಗೆತ್ತಿಕೊಳ್ಳಬಹುದು.

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಯುವ ವಿಭಾಗವು ಹೋಟೆಲ್ ಮತ್ತು ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಿಗೆ ಸಂಜೆ ಪಾಠ ನಡೆಸುತ್ತಿದೆ. ಸಂಘ ನೋಂದಾಯಿತವಾಗಿದೆ, ವಿದೇಶಿ ದೇಣಿಗೆಯ ನೋಂದಣಿ ಇಲ್ಲ. ದುಬೈಯಲ್ಲಿರುವ ಒಬ್ಬರು ಮತ್ತು ಅಮೆರಿಕದ ಪೌರತ್ವ ಪಡೆದಿರುವ ಒಬ್ಬರು ಹಣ ಕಳುಹಿಸಲು ಮುಂದಾಗಿದ್ದಾರೆ. ಪಡೆಯಬಹುದೇ? ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ನಾವು ಅರ್ಹರೇ?

ಉತ್ತರ: ದಾನಿ ಎಲ್ಲಿ ವಾಸವಾಗಿದ್ದಾರೆ ಎಂಬುದಕ್ಕಿಂತ ಯಾವ ದೇಶದ ಪ್ರಜೆ ಎಂಬುದು ಇಲ್ಲಿ ಮುಖ್ಯ. ದುಬೈಯಲ್ಲಿರುವವರು ಭಾರತದ ಪಾಸ್‌ಪೋರ್ಟನ್ನೇ ಹೊಂದಿದ್ದು, ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರ ಪಾಸ್‌ಪೋರ್ಟ್ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡು ಧಾರಾಳವಾಗಿ ಪಡೆಯಿರಿ. ಅಮೆರಿಕದ ಪೌರತ್ವ ಪಡೆದವರು ಹುಟ್ಟಿನಿಂದ ಕನ್ನಡಿಗರಾಗಿದ್ದರೂ, ಸಾಗರೋತ್ತರ ಭಾರತೀಯ ಕಾರ್ಡ್ ಹೊಂದಿದ್ದರೂ, ಅವರ ಹಣ ವಿದೇಶಿ ದೇಣಿಗೆಯೇ ಆಗುತ್ತದೆ. ನಿಮ್ಮ ಸಂಘ ಅದನ್ನು ಮುಟ್ಟುವಂತಿಲ್ಲ. ಅವರ ಭಾರತದ ಬ್ಯಾಂಕ್ ಖಾತೆಯಿಂದ ರೂಪಾಯಿಯಲ್ಲಿ ಕೊಟ್ಟರೂ ಇದೇ ನಿಯಮ. ಸದಸ್ಯರೊಬ್ಬರ ಖಾಸಗಿ ಖಾತೆಗೆ ಹಾಕಿಸಿಕೊಂಡು ನಂತರ ಸಂಘಕ್ಕೆ ತರುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

ಸಿಎಸ್‌ಆರ್ ಬಗ್ಗೆ: ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ಹಣ ಪಡೆಯಲು ನಿಮಗೆ ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ರಿಯಾಯಿತಿ) ನೋಂದಣಿ, ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷಗಳ ಅನುಭವ, 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ, ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಇರಬೇಕು. ಸಂಜೆಯ ಪಾಠ ಶಿಕ್ಷಣದ ಅಡಿಯಲ್ಲಿ ಬರುವುದರಿಂದ ಪ್ರಯತ್ನಿಸುವುದರಲ್ಲಿ ಅರ್ಥವಿದೆ. ಆದರೆ ಕಂಪನಿಗಳು ಪುಸ್ತಕ, ಕಂಪ್ಯೂಟರ್, ಮಕ್ಕಳ ಸಂಖ್ಯೆ ಇಂಥ ಎಣಿಸಬಹುದಾದುದಕ್ಕೆ ಸುಲಭವಾಗಿ ಒಪ್ಪುತ್ತವೆ. ಹುಡುಗರನ್ನು ಹೋಟೆಲ್ ಮಾಲೀಕರಿಂದ ಬಿಡಿಸಿಕೊಂಡು ಪಾಠಕ್ಕೆ ಕರೆತರುವವನ ಸಂಬಳ ಎಂದರೆ ಹಿಂಜರಿಯುತ್ತವೆ. ಅಂಕಣಕಾರನಾಗಿ ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ದಾರಿ ಬೇರೆಯೂ ಇದೆ ಎಂಬುದಕ್ಕೆ ಮುಂಬಯಿಯ ಎಡೆಲ್‌ಗಿವ್ ಫೌಂಡೇಶನ್ 2021ರಲ್ಲಿ ಆರಂಭಿಸಿದ ಗ್ರೋ ಫಂಡ್ ಸಾಕ್ಷಿ. ನೂರು ತಳಮಟ್ಟದ ಸಂಸ್ಥೆಗಳಿಗಾಗಿ ರೂಪಿಸಿದ ನೂರು ಕೋಟಿ ರೂಪಾಯಿಯ ಆ ನಿಧಿಯ ಗುರಿಯೇ ಸಂಸ್ಥೆಯ ದೈನಂದಿನ ವೆಚ್ಚ ಮತ್ತು ಸಾಮರ್ಥ್ಯವನ್ನು ಬಲಪಡಿಸುವುದಾಗಿತ್ತು. ನಿಮ್ಮ ಪ್ರಸ್ತಾವದಲ್ಲಿ ಹುಡುಗರನ್ನು ಕರೆತರುವವನ ಸಂಬಳವನ್ನು ಬೇರೆ ಶೀರ್ಷಿಕೆಯಡಿ ಅಡಗಿಸದೆ ಮೊದಲ ಸಾಲಿನಲ್ಲೇ ಇಡಿ.

ಪ್ರಶ್ನೆ: ನಾನು ಬಿ.ಕಾಂ. ಪದವೀಧರ, ಪುಣೆಯ ಹಿಂಜವಡಿಯಲ್ಲಿ ಉದ್ಯೋಗ. ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕಾರ್ಮಿಕರ ನಡುವೆ ಕೆಲಸ ಮಾಡುವ ಆಸೆ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಲೇ, ಫೆಲೋಶಿಪ್ ಹಿಡಿಯಲೇ?

ಉತ್ತರ: ಓದುವುದಾದರೆ ಪುಣೆಯಲ್ಲಿಯೇ 1963ರಲ್ಲಿ ಸ್ಥಾಪನೆಯಾದ ಕರ್ವೆ ಸಮಾಜ ಸೇವಾ ಸಂಸ್ಥೆಯಿದೆ; ಮುಂಬಯಿಯಲ್ಲಿ 1936ರಷ್ಟು ಹಳೆಯದಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಚರ್ಚ್‌ಗೇಟ್‌ನ ನಿರ್ಮಲಾ ನಿಕೇತನ ಇವೆ. ಎಲ್ಲ ಕಡೆ ಕ್ಷೇತ್ರಕಾರ್ಯ ಪಠ್ಯದ ಭಾಗವೇ ಆಗಿರುತ್ತದೆ. ಫೆಲೋಶಿಪ್‌ಗಳಲ್ಲಿ 2011ರಿಂದ ನಡೆಯುತ್ತಿರುವ ಎಸ್‌ಬಿಐ ಯೂತ್ ಫಾರ್ ಇಂಡಿಯಾ ಹದಿಮೂರು ತಿಂಗಳದ್ದು, ಆದರೆ ಅದು ಹಳ್ಳಿಯ ಕೆಲಸಕ್ಕೆ ಮೀಸಲು. ನಿಮ್ಮ ಮನಸ್ಸು ನಗರದ ನಾಕಾಗಳ, ಅಂದರೆ ದಿನಗೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ವೃತ್ತಗಳ, ಮೇಲಿರುವುದರಿಂದ ನಾನಾದರೆ ಉದ್ಯೋಗ ಬಿಡುವ ಮೊದಲು ಆರು ತಿಂಗಳು ವಾರದ ರಜೆಗಳನ್ನು ಅವರ ನಡುವೆ ಕಳೆಯಿರಿ ಎನ್ನುತ್ತೇನೆ. ಕಟ್ಟಡಗಳ ಬಳಿಯಲ್ಲೇ ಕಾರ್ಮಿಕರ ಮಕ್ಕಳನ್ನು ನೋಡಿಕೊಳ್ಳುವ ತಾರಾ ಮೊಬೈಲ್ ಕ್ರೆಶಸ್ ಪುಣೆಯಲ್ಲಿದೆ. ಕನ್ನಡ ಬಲ್ಲ ಸ್ವಯಂಸೇವಕರಿಗೆ ಅಂಥ ಕಡೆ ಕೆಲಸ ಸಿಕ್ಕೀತು.

ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60ರ ವಯಸ್ಸು ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಮುಕಾದಮನ (ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ) ಹಿಂದೆ ಹೋಗುವ ಯಾದಗಿರಿಯ ದಂಪತಿಗೆ ಆ 90 ದಿನಗಳ ಸಹಿಯನ್ನು ಯಾರು ಹಾಕಿಕೊಡಬೇಕು? ನೀವು ವಾಣಿಜ್ಯ ಓದಿದವರು. ದಿನಾಂಕ, ಜಾಗ, ಮುಕಾದಮನ ಹೆಸರು, ಸಿಕ್ಕ ಕೂಲಿ ಇಷ್ಟನ್ನು ಬರೆದಿಡುವ ಒಂದು ಪುಟ್ಟ ಹಾಜರಿ ಪುಸ್ತಕವನ್ನು ಹತ್ತು ಕುಟುಂಬಗಳಿಗೆ ಕನ್ನಡದಲ್ಲಿ ಮಾಡಿಕೊಟ್ಟು, ಅದನ್ನು ಹಿಡಿದು ಅವರೊಂದಿಗೆ ಕಚೇರಿಗೆ ಹೋಗಿ ನೋಡಿ. ಮುಂದೆ ಯಾವ ಫೆಲೋಶಿಪ್ಪಿನ ಸಂದರ್ಶನಕ್ಕೆ ಕುಳಿತರೂ ಹೇಳಲು ನಿಮ್ಮದೇ ಆದ ಮಾತು ಇರುತ್ತದೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಅಧಿಕಾರಿ, ಮುಲುಂಡ್ ನಿವಾಸಿ. ಇಂಥ ಕೆಲಸ ಮಾಡುವವರಿಗೆ ನೇರವಾಗಿ ನೆರವಾಗುವುದು ಹೇಗೆ?

ಉತ್ತರ: ಎರಡು ರೀತಿಯಲ್ಲಿ. ನಿಮ್ಮ ಬಳಿ ಇರುವ ಲೆಕ್ಕದ ವಿದ್ಯೆ ಸಣ್ಣ ಗುಂಪುಗಳಿಗೆ ಬಹಳ ಬೇಕಾದುದು. ತಿಂಗಳಿಗೊಮ್ಮೆ ಹೋಗಿ ಅವರ ವಹಿಯನ್ನು ಬ್ಯಾಂಕಿನ ಪಾಸ್‌ಬುಕ್ಕಿಗೆ ತಾಳೆ ಹಾಕುವುದನ್ನು ಕಲಿಸಿಕೊಡಿ, ಆದರೆ ನೀವೇ ಬರೆದುಕೊಡಬೇಡಿ. ಹಣ ಕೊಡುವುದಾದರೆ ನಿಮಗೆ ನಂಬಿಕೆಯಿರುವ, 80ಜಿ ನೋಂದಣಿಯುಳ್ಳ ಸಂಸ್ಥೆಯ ಮೂಲಕ ಒಬ್ಬ ಸಂಘಟಕಿಯ ಗೌರವಧನಕ್ಕೆಂದೇ ನಮೂದಿಸಿ, ಒಂದೇ ಸಲದ ದೊಡ್ಡ ಮೊತ್ತದ ಬದಲು ತಿಂಗಳು ತಿಂಗಳು ಕೊಡಿ. ತೆರಿಗೆ ರಿಯಾಯಿತಿ ಬೇಕಿದ್ದರೆ ನಗದಾಗಿ 2,000 ರೂಪಾಯಿ ಮೀರಬಾರದು, ಮತ್ತು ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆ ರಿಯಾಯಿತಿ ಸಿಗುವುದಿಲ್ಲ. ಕನಿಷ್ಠ ಎರಡು ವರ್ಷ ಕೊಡುವುದಾಗಿ ಮೊದಲೇ ಬರೆದುಕೊಟ್ಟರೆ ಆಕೆ ತನ್ನ ಎರಡು ಮನೆಗಳ ಕೆಲಸವನ್ನು ಧೈರ್ಯವಾಗಿ ಬಿಡಬಹುದು.