ಅಂಗವೈಕಲ್ಯ ಪಿಂಚಣಿ: ಮೇಲ್ಮನವಿ ಶೇಕಡಾವಾರಿನ ಮೇಲಲ್ಲ, ಕಾರಣದ ಮೇಲೆ

ಪ್ರಶ್ನೆ: ನಾನು ಸೇನೆಯಲ್ಲಿ 24 ವರ್ಷ ಸೇವೆ ಸಲ್ಲಿಸಿ 2019ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಬಿಡುಗಡೆಯ ವೈದ್ಯಕೀಯ ಮಂಡಳಿಯು ನನ್ನ ರಕ್ತದೊತ್ತಡಕ್ಕೆ ಜೀವನಪರ್ಯಂತ ಶೇ 30ರಷ್ಟು ಅಂಗವೈಕಲ್ಯವೆಂದು ಬರೆದರೂ, ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದಿತು. ಪಿಂಚಣಿ ತಿರಸ್ಕೃತವಾಯಿತು. ಮೇಲ್ಮನವಿ ಹಾಕಿದರೆ ಪ್ರಯೋಜನವಿಲ್ಲವೆಂದು ಜೊತೆಯವರು ಹೇಳಿದ್ದರಿಂದ ಸುಮ್ಮನಿದ್ದೆ. ಶೇಕಡಾವಾರು ಹೆಚ್ಚಿಸಿಕೊಂಡರೆ ಪಿಂಚಣಿ ದೊರೆಯುವುದೇ?
— ಮಾಜಿ ಹವಾಲ್ದಾರ್, ಸೋಮವಾರಪೇಟೆ

ಉತ್ತರ: ದೊರೆಯುವುದಿಲ್ಲ. ಪಿಂಚಣಿಗೆ ಬೇಕಾದ ಕನಿಷ್ಠ ಪ್ರಮಾಣ ಶೇ 20. ಅದು ನಿಮಗೆ ಈಗಾಗಲೇ ಇದೆ. ನಿಮ್ಮ ಹಣವನ್ನು ತಡೆದಿರುವುದು ಕಾರಣದ ಬಗ್ಗೆ ಮಂಡಳಿ ಬರೆದ ಆ ಒಂದು ಸಾಲು. ನಿಮ್ಮ ಮೇಲ್ಮನವಿಯ ಬಲವೆಲ್ಲ ಆ ಸಾಲನ್ನು ಪ್ರಶ್ನಿಸುವುದಕ್ಕೇ ಬಳಕೆಯಾಗಬೇಕು.

ಮೊದಲು ನಿಮ್ಮ ರೆಕಾರ್ಡ್ಸ್ ಕಚೇರಿಯಿಂದ ವೈದ್ಯಕೀಯ ಮಂಡಳಿಯ ಪೂರ್ಣ ನಡಾವಳಿಯ ಪ್ರತಿಯನ್ನು ಲಿಖಿತವಾಗಿ ಕೇಳಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿರಿ. ಪ್ರತಿ ಕೈಗೆ ಬಂದ ಮೇಲೆ ಎರಡು ಕಡೆ ಕಣ್ಣಿಟ್ಟು ಓದಿರಿ. ಸೇವೆಗೆ ಸೇರುವ ಮೊದಲೇ ಈ ಕಾಯಿಲೆ ಇತ್ತೇ ಎಂಬ ಪ್ರಶ್ನೆಗೆ ವೈದ್ಯರು ಸಾಮಾನ್ಯವಾಗಿ ‘ಇಲ್ಲ’ ಎಂದೇ ಬರೆದಿರುತ್ತಾರೆ. ಮುಂದೆ ಕಾರಣ ಕೊಡಬೇಕಾದ ಜಾಗದಲ್ಲಿ, ಕಾಯಿಲೆ ಕಾಣಿಸಿಕೊಂಡದ್ದು ಶಾಂತಿನೆಲೆಯಲ್ಲಿ, ಅಂದರೆ ಗಡಿ ಮತ್ತು ಕಾರ್ಯಾಚರಣೆಗಳಿಂದ ದೂರದ ನೆಲೆಯಲ್ಲಿ, ಎಂಬಷ್ಟೇ ಮಾತಿರುತ್ತದೆ. ಶಾಂತಿನೆಲೆ ಎಂಬುದು ಊರಿನ ವಿವರವೇ ಹೊರತು ಕಾಯಿಲೆಯ ಕಾರಣವಲ್ಲ. ಅದಕ್ಕೂ ಮುಂಚಿನ ವರ್ಷಗಳನ್ನು ನೀವು ಗಡಿಯಲ್ಲಿಯೋ ಎತ್ತರದ ಹಿಮಪ್ರದೇಶದಲ್ಲಿಯೋ ಕಳೆದಿದ್ದರೆ ಆ ನೇಮಕಗಳನ್ನು ತಾರೀಖಿನ ಸಮೇತ ಮನವಿಯಲ್ಲಿ ಬರೆಯಿರಿ.

ಇದಕ್ಕೆ ಆಧಾರವಾಗಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ನೀಡಿದ ತೀರ್ಪಿದೆ. ಒಂಬತ್ತು ವರ್ಷಗಳಿಗೂ ಹೆಚ್ಚು ಸೇವೆ ಮಾಡಿ ಅಪಸ್ಮಾರದಿಂದ ಹೊರಬಿದ್ದ ಆ ಸಿಪಾಯಿಗೆ ಸೇನೆ ಪಿಂಚಣಿ ನಿರಾಕರಿಸಿತ್ತು. ಸೇರ್ಪಡೆಯ ವೇಳೆ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಆಮೇಲಿನ ಆರೋಗ್ಯದ ಕುಸಿತ ಸೇವೆಯಿಂದಾದದ್ದೆಂದೇ ಭಾವಿಸಬೇಕು, ಅಲ್ಲವೆನ್ನುವವರು ಕಾರಣ ಬರೆಯಬೇಕು, ರುಜುವಾತಿನ ಹೊಣೆ ಸೈನಿಕನದಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಆ ಪ್ರಕರಣ 1982ರ ನಿಯಮಗಳಡಿಯದು. ನಿಮಗೆ ಅನ್ವಯಿಸುವ 2008ರ ನಿಯಮಗಳಲ್ಲಿ ಸೈನಿಕನ ಪರವಾದ ಈ ಭಾವನೆಯನ್ನು ಸಡಿಲಿಸಲಾಗಿದೆ, ಸರ್ಕಾರದ ವಕೀಲರು ಅದನ್ನು ಎತ್ತಿಯೇ ಎತ್ತುತ್ತಾರೆ. ದೇಹತೂಕ ಅಥವಾ ಧೂಮಪಾನದ ಬಗ್ಗೆ ದಾಖಲೆಯಲ್ಲಿ ಟಿಪ್ಪಣಿಯಿದ್ದರೆ ಅದನ್ನು ಮುಚ್ಚಿಡದೆ ನಿಮ್ಮ ವಕೀಲರಿಗೆ ಮೊದಲೇ ತಿಳಿಸಿರಿ.

ಮೊದಲ ಮೇಲ್ಮನವಿಗೂ ಎರಡನೆಯದಕ್ಕೂ ತಲಾ ಆರು ತಿಂಗಳ ಅವಧಿಯಿದೆ. ನಿಮ್ಮ ಅವಧಿ ಮೀರಿದೆ ಎಂಬುದು ನಿಜ, ಆದರೂ ಬಾಗಿಲು ಮುಚ್ಚಿಲ್ಲ. ವಿಳಂಬಕ್ಕೆ ಕಾರಣ ವಿವರಿಸಿ, ಮನ್ನಿಸಬೇಕೆಂದು ಕೋರಿ ಮೊದಲ ಮೇಲ್ಮನವಿ ಸಲ್ಲಿಸಿರಿ. ಅಲ್ಲಿ ನ್ಯಾಯ ದೊರೆಯದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠದ ವ್ಯಾಪ್ತಿ. ತಾರ್ಸೆಮ್ ಸಿಂಗ್ ಎಂಬ ಸೈನಿಕರು 1983ರಲ್ಲಿ ಹೊರಬಂದು, 1999ರಲ್ಲಿ ಹೈಕೋರ್ಟ್ ಮೆಟ್ಟಿಲೇರಿದ್ದರು. ಪಿಂಚಣಿ ತಪ್ಪಿಸುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ವಿಳಂಬವೊಂದೇ ಹಕ್ಕನ್ನು ಕಳೆಯದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿತು. ಹಾಗಾಗಿ ಇನ್ನು ಒಂದು ತಿಂಗಳನ್ನೂ ವ್ಯರ್ಥ ಮಾಡಬೇಡಿರಿ. ಪ್ರಯೋಜನವಿಲ್ಲ ಎಂಬ ಮಾತಿಗೆ ಎಷ್ಟೋ ಮನೆಗಳು ತಮ್ಮ ಹಕ್ಕಿನ ಹಣ ಬಿಟ್ಟುಕೊಟ್ಟಿವೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಪ್ರಶ್ನೆ: ನಮ್ಮ ಯಜಮಾನರು ಸೇವಾವಧಿ ಮುಗಿಸಿ 2012ರಲ್ಲಿ ನಿವೃತ್ತರಾದರು. ಕರ್ತವ್ಯದಲ್ಲಿದ್ದಾಗ ಮೊಣಕಾಲಿಗಾದ ಪೆಟ್ಟಿಗೆ ಶೇ 20ರಂತೆ ಪಿಂಚಣಿ ಬರುತ್ತಿದೆ. ಅದು 50ಕ್ಕೆ ಏರುತ್ತದೆಂದು ಕೇಳಿದ್ದೇವೆ. ಮತ್ತೆ ವೈದ್ಯಕೀಯ ಪರೀಕ್ಷೆ ಆಗಬೇಕೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಇದಕ್ಕೆ ಪರೀಕ್ಷೆಯ ಅಗತ್ಯವಿಲ್ಲವಮ್ಮಾ. ಶೇ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕೂ ಮೇಲಿನದನ್ನು 100 ಎಂದು ಲೆಕ್ಕ ಹಿಡಿಯುವ ಪದ್ಧತಿಯನ್ನು, ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಶೇ 100ಕ್ಕೆ ಕೊನೆಯ ವೇತನದ ಶೇ 30 ಎಂಬುದು ಮೂಲ ಲೆಕ್ಕ. ವೇತನ 20,000 ರೂಪಾಯಿ ಎಂದಿಟ್ಟುಕೊಂಡರೆ ಶೇ 20ಕ್ಕೆ 1,200 ರೂಪಾಯಿ, ಶೇ 50ಕ್ಕೆ 3,000 ರೂಪಾಯಿ. ಪಿಂಚಣಿ ಪಾವತಿ ಆದೇಶದ ಪ್ರತಿಯನ್ನು ಲಗತ್ತಿಸಿ ರೆಕಾರ್ಡ್ಸ್ ಕಚೇರಿಗೆ ಯಜಮಾನರ ಸಹಿಯಿಂದಲೇ ಮನವಿ ಕಳಿಸಿರಿ; ಬರೆಯಲು ನೆರವು ಬೇಕಿದ್ದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿರಿ. 2023ರ ಸೆಪ್ಟೆಂಬರ್ 21ರಿಂದ ಬಂದಿರುವ ಹೊಸ ನಿಯಮಗಳನ್ನು ತೋರಿಸಿ ಯಾರಾದರೂ ಹಿಂದಕ್ಕೆ ಕಳಿಸಿದರೆ, ಯಜಮಾನರ ನಿವೃತ್ತಿಯ ವರ್ಷವನ್ನು ಬರೆದು ಲಿಖಿತ ಉತ್ತರವನ್ನೇ ಕೇಳಿರಿ.