ಅಕ್ಕೋರನ್ನು ಕೇಳಿ: ವರ್ಣಮಾಲೆ ಬಾಯಿಪಾಠ, ಅಕ್ಷರ ಮಾತ್ರ ಗುರುತಾಗುತ್ತಿಲ್ಲ

ಪ್ರಶ್ನೆ: ಅಕ್ಕೋರೇ, ನನ್ನ ಮಗಳಿಗೆ ನಾಲ್ಕೂವರೆ ವರ್ಷ. ‘ಅ’ದಿಂದ ‘ಳ’ದವರೆಗೆ ತಡವರಿಸದೆ ಹೇಳುತ್ತಾಳೆ. ಚಾರ್ಟಿನ ನಡುವೆ ಬೆರಳಿಟ್ಟು ಕೇಳಿದರೆ ಸುಮ್ಮನಾಗುತ್ತಾಳೆ. ಮನೆಯಲ್ಲಿ ಕೊಂಕಣಿ ಆಡುತ್ತೇವೆ, ಅದಕ್ಕೇ ಹೀಗಾ? ದಿನಾ ಕಾಪಿ ಬರೆಸಲಾ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ತಂಗೀ, ಕೊಂಕಣಿಯಿಂದ ಏನೂ ತೊಂದರೆ ಇಲ್ಲ. ಅದನ್ನು ದಯವಿಟ್ಟು ಬಿಡಿಸಬೇಡಿ. ಕತೆಯನ್ನು ಕೊಂಕಣಿಯಲ್ಲೇ ಹೇಳಿ. ಕಾಪಿ ಬರೆಸುವುದೂ ಈಗ ಬೇಡ.

ಅವಳು ಕಲಿತಿರುವುದು ಒಂದು ಪದ್ಯ. ಕ ಖ ಗ ಘ ಗಂಟಲಲ್ಲಿ ಶುರುವಾಗಿ ಪ ಫ ಬ ಭ ಮ ತುಟಿಗೆ ಬಂದು ಮುಟ್ಟುತ್ತದೆ. ಉಚ್ಚಾರಕ್ಕೆ ಎಷ್ಟು ಚೆಂದದ ಜೋಡಣೆ ಅಲ್ವಾ? ಆದರೆ ಕಣ್ಣು ಅಕ್ಷರ ಹಿಡಿಯುವುದು ಈ ಸಾಲಿನಲ್ಲಿ ಅಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ‘ನಲಿಕಲಿ’ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಗರಗಸ ಓದಬಹುದು. ಓದಿದೆ ಎಂಬ ಖುಷಿ ಮಗುವಿಗೆ ಬೇಗ ಸಿಗುತ್ತದೆ.

ನಾನು ಒಂದನೇ ತರಗತಿಗೆ ಕಲಿಸುವಾಗ ತದಡಿ ಬಂದರಿನ ಕಡೆಯ ಮಕ್ಕಳು ಬರುತ್ತಿದ್ದರು. ಅಪ್ಪನ ಬೋಟಿನ ಹೆಸರನ್ನು ದೂರದಿಂದಲೇ ಗುರುತಿಸುವವರು, ಚಾರ್ಟಿನಲ್ಲಿ ಅದೇ ‘ಗ’ ತೋರಿಸಿದರೆ ಮಿಕಮಿಕ ನೋಡುತ್ತಿದ್ದರು. ಆಮೇಲೆ ಬೋಟಿನ ಹೆಸರನ್ನೇ ಬೋರ್ಡಿನ ಮೇಲೆ ಬರೆಯತೊಡಗಿದೆ. ‘ಗಜಾನನ’ದ ‘ಗ’ ಎಂದರೆ ಸಾಕು, ಯಾರೂ ಮರೆಯುತ್ತಿರಲಿಲ್ಲ.

ನಿಮ್ಮ ಊರಿನ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ‘ಕಾರವಾರ’ ಬೋರ್ಡಿನಲ್ಲಿ ‘ರ’ ಎಲ್ಲೆಲ್ಲಿದೆ ಹುಡುಕಲಿ. ಎರಡು ಕಡೆ ಇದೆ. ‘ಶಿರಸಿ’ ಬಸ್ಸು ಬಂದರೆ ಅಲ್ಲೂ ಇದೆ. ಆದರೆ ‘ರ’ ಕಲಿಯುವ ವಾರದಲ್ಲೇ ‘ಠ’ ತೋರಿಸಬೇಡಿ. ಹೊಟ್ಟೆಯೊಳಗಿನ ಚುಕ್ಕೆಯೊಂದೇ ವ್ಯತ್ಯಾಸ, ಗೊಂದಲವಾಗುತ್ತದೆ. ಪ–ಷ, ವ–ಮ ಕೂಡ ಹಾಗೇ, ದೂರ ದೂರ ಇಡಿ.

ರಾತ್ರಿ ಕತೆ ಓದುವಾಗ ಸಾಲಿನ ಕೆಳಗೆ ಬೆರಳಾಡಿಸಿ. ಅನೇಕ ಮಕ್ಕಳು ನಾವು ಚಿತ್ರ ನೋಡಿ ಕತೆ ಹೇಳುತ್ತೇವೆ ಅಂದುಕೊಂಡಿರುತ್ತಾರೆ. ಮಾತು ಇರುವುದು ಆ ಕಪ್ಪು ಗೆರೆಗಳಲ್ಲಿ, ಅದು ಎಡದಿಂದ ಬಲಕ್ಕೆ ಹೋಗುತ್ತದೆ, ಪದಪದದ ನಡುವೆ ಜಾಗ ಇರುತ್ತದೆ – ಇಷ್ಟು ತಿಳಿಯುವುದೇ ದೊಡ್ಡ ಪಾಠ. ಒಮ್ಮೊಮ್ಮೆ ಪುಸ್ತಕ ತಲೆಕೆಳಗಾಗಿ ಕೊಟ್ಟು ನೋಡಿ. ತಿರುಗಿಸಿ ಹಿಡಿದರೆ ಅವಳು ದಾರಿಯಲ್ಲಿದ್ದಾಳೆ.

ಬರೆಯುವ ಆಸೆ ಅವಳಿಗೇ ಬಂದರೆ ಸಮುದ್ರದಂಡೆಯ ಒದ್ದೆ ಮರಳಿನಲ್ಲಿ ದೊಡ್ಡದಾಗಿ ಬರೆಯಲಿ. ಪೆನ್ಸಿಲ್ ಹಿಡಿಯಲು ಬೆರಳಿಗೆ ಇನ್ನೂ ಬಲ ಬರಬೇಕು. ಕರೆದರೆ ತಿರುಗದಿದ್ದರೆ, ಮಾತು ಸ್ಪಷ್ಟವಿಲ್ಲದಿದ್ದರೆ ಮಾತ್ರ ಡಾಕ್ಟರಿಗೆ ಕಿವಿ ತೋರಿಸಿ.

ಇನ್ನೊಂದು. ‘ಅಮ್ಮ’, ‘ಅಜ್ಜಿ’ ಬರೆದು ತೋರಿಸುವಾಗ ಒತ್ತಕ್ಷರ ಬಂತಲ್ಲ ಎಂದು ಹಿಂಜರಿಯಬೇಡಿ. ಪೂರ್ತಿ ಪದವನ್ನೇ ಗುರುತಿಟ್ಟುಕೊಳ್ಳಲಿ. ಬಿಡಿಸಿ ಹೇಳುವುದು ಕಾಗುಣಿತ ಆದ ಮೇಲಿನ ಕೆಲಸ.